ದೊರೆತನವೂ ಸಭೆಯೂ: ನಡುವಣ ಬೇಲಿ ಎಲ್ಲಿಂದ ಬಂತು?

ಊರದೇವತೆಯ ಜಾತ್ರೆಯು ಸಮೀಪಿಸಿದಾಗ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಗ್ರಾಮಗಳಲ್ಲಿ ಮನೆಗಿಷ್ಟೆಂದು ವರಾಡ ಎತ್ತುವ ವಾಡಿಕೆಯುಂಟು. ಊರ ಯಜಮಾನರು ಪಟ್ಟಿಯನ್ನು ಹಿಡಿದುಕೊಂಡು ವಿಶ್ವಾಸಿಯ ಬಾಗಿಲಿಗೂ ಬಂದು, “ಊರೊಳಗೆ ಇದ್ದ ಮೇಲೆ ಊರ ವರಾಡ ಕೊಡದಿದ್ದರೆ ಹೇಗಪ್ಪಾ?” ಎಂದು ಕೇಳುವರು. ಅವರ ಮಾತಿನಲ್ಲಿ ದ್ವೇಷವೇನೂ ಇಲ್ಲ. ಅವರ ತಂದೆ ತಾತಂದಿರು ಎತ್ತಿದಂತೆ ಅವರೂ ಎತ್ತುತ್ತಾರೆ. ಆದರೆ ಕೊಟ್ಟರೆ ಮನಸ್ಸಾಕ್ಷಿಗೆ ನೋವು. ಕೊಡದಿದ್ದರೆ ನೆರೆಹೊರೆಯವರೊಂದಿಗೆ ವಿರಸ. ತೋಟಕ್ಕೆ ಹೋಗುವ ದಾರಿ ಅವರ ಹೊಲದ ಬದುವಿನ ಮೇಲಿದೆ. ಕಾಯಿ ಕೀಳುವ ಆಳು ಅವರ ಮನೆಯವನು. ಇದೇ ವಿಶ್ವಾಸಿಯು ಸರಕಾರದ ಕಂದಾಯವನ್ನಾದರೋ ಮರುಮಾತಿಲ್ಲದೆ ಕಟ್ಟಿ ರಸೀತಿಯನ್ನು ಪಡೆಯುತ್ತಾನೆ. ಹೀಗಿರಲಾಗಿ, ವರಾಡಕ್ಕೂ ಕಂದಾಯಕ್ಕೂ ಇರುವ ಭೇದವೇನು? ದೊರೆತನಕ್ಕೆ ಸಲ್ಲತಕ್ಕದ್ದು ಎಲ್ಲಿಗೆ ನಿಲ್ಲುತ್ತದೆ, ದೇವರಿಗೆ ಸಲ್ಲತಕ್ಕದ್ದು ಎಲ್ಲಿಂದ ಮೊದಲಾಗುತ್ತದೆ?

ಇವೆರಡರ ನಡುವೆ ಒಂದು ಬೇಲಿ ಇರಬೇಕೆಂಬ ವಿಚಾರವು ದೇವರನ್ನು ನಂಬದವರು ಕಟ್ಟಿದ್ದೆಂದು ಕೆಲವರು ಹೇಳುತ್ತಾರೆ. ಪರದೇಶದಿಂದ ತಂದು ನೆಟ್ಟದ್ದೆಂದು ಮತ್ತೆ ಕೆಲವರು ಹೇಳುತ್ತಾರೆ. ಎರಡರಲ್ಲಿಯೂ ಪೂರ್ಣ ಸತ್ಯವಿಲ್ಲವೆಂದು ಚರಿತ್ರೆಯನ್ನು ನೋಡಿದವರಿಗೆ ತೋರುವದು.

ಮೊದಲು ಆಮೋಸನನ್ನು ನೆನೆಯೋಣ. ಇವನು ಕುರಿ ಕಾಯುವವನು, ಅತ್ತಿಮರಗಳನ್ನು ನೋಡಿಕೊಳ್ಳುವವನು. ನಮ್ಮ ಸೀಮೆಯ ತೋಟಗಾರರಿಗೆ ಹತ್ತಿರದವನೇ. ಇವನು ಬೇತೇಲಿಗೆ ಹೋಗಿ ಬಡವರಿಗಾಗುತ್ತಿದ್ದ ಅನ್ಯಾಯವನ್ನು ಖಂಡಿಸಿದಾಗ, ಅಲ್ಲಿಯ ಯಾಜಕನಾದ ಅಮಚ್ಯನು ಇವನನ್ನು ಹೊರಡಿಸಲು ಕೊಟ್ಟ ಕಾರಣವನ್ನು ಗಮನಿಸಿರಿ. ಆ ಗುಡಿಯು ಅರಸನದು, ಅಲ್ಲಿ ಇಂಥ ಮಾತು ಸಲ್ಲದು ಎಂಬುದೇ ಆ ಕಾರಣ. ಅದು ದೇವರ ಆಲಯವೆಂದು ಯಾಜಕನ ಬಾಯಿಂದ ಬರಲಿಲ್ಲ. ಅರಸನ ಅನ್ನವನ್ನು ಉಂಡ ಪೀಠವು ಅರಸನನ್ನು ಗದರಿಸಲಾರದು.

ಇನ್ನೊಂದು ಕಥೆ ಕೊರಿಂಥದ್ದು. ಕ್ರಿ. ಶ. 51ರ ಸುಮಾರಿನಲ್ಲಿ ಗಲ್ಲಿಯೋ ಎಂಬ ರೋಮಾಯ ಅಧಿಪತಿಯ ಮುಂದೆ ಪೌಲನನ್ನು ತಂದು ನಿಲ್ಲಿಸಿದರು. ಧರ್ಮಶಾಸ್ತ್ರದ ವಾದವಾದರೆ ನೀವೇ ನೋಡಿಕೊಳ್ಳಿರಿ, ಅದಕ್ಕೆ ನಾನು ನ್ಯಾಯಾಧಿಪತಿಯಾಗಲಾರೆನೆಂದು ಹೇಳಿ ಅವನು ಎಲ್ಲರನ್ನೂ ಕಳುಹಿಸಿಬಿಟ್ಟನು. ಇಲ್ಲಿಯವರೆಗೆ ಒಳ್ಳೆಯದೇ. ಆದರೆ ಅದೇ ನ್ಯಾಯಪೀಠದ ಮುಂದೆ ಜನರು ಸೊಸ್ಥೆನನನ್ನು ಹಿಡಿದು ಹೊಡೆಯುತ್ತಿರಲು ಗಲ್ಲಿಯೋ ತಲೆಯೆತ್ತಿಯೂ ನೋಡಲಿಲ್ಲ. ಮತದ ಸತ್ಯಾಸತ್ಯವನ್ನು ತೀರ್ಮಾನಿಸದಿರುವದು ದೊರೆಗೆ ತಕ್ಕದ್ದು. ಮತದ ನಿಮಿತ್ತ ಒಬ್ಬನು ಪೆಟ್ಟು ತಿನ್ನುವಾಗ ಸುಮ್ಮನಿರುವದು ತಕ್ಕದ್ದಲ್ಲ. ಈ ಭೇದವನ್ನು ಇಂದಿನ ಅಧಿಕಾರಿಗಳೂ ಎಷ್ಟೋ ಸಾರಿ ಮರೆಯುತ್ತಾರೆ.

ಮೂರು ಶತಮಾನಗಳ ತನಕ ಹಿಂಸೆಯನ್ನು ತಾಳಿದ ಸಭೆಗೆ 313ರಲ್ಲಿ ಕಾನ್‌ಸ್ಟಂಟೈನನ ಕಾಲದಲ್ಲಿ ಬಿಡುಗಡೆಯಾಯಿತು. 380ರಲ್ಲಿ ಥಿಯೊಡೋಸಿಯಸನು ಕ್ರೈಸ್ತ ಮತವನ್ನೇ ರಾಜ್ಯದ ಮತವಾಗಿ ಮಾಡಿದನು. ನಡುವೆ ಅರವತ್ತೇಳು ವರುಷಗಳು ಮಾತ್ರ. ಸೆರೆಯಿಂದ ಹೊರಗೆ ಬಂದವರ ಮೊಮ್ಮಕ್ಕಳು ಸೆರೆಮನೆಯ ಬೀಗದಕೈಯನ್ನು ತಮ್ಮ ನಡುವಿಗೆ ಸಿಕ್ಕಿಸಿಕೊಂಡರು. ಆ ಮೇಲಿನ ಸಾವಿರ ವರುಷಗಳಲ್ಲಿ ಪಾಪನೂ ಚಕ್ರವರ್ತಿಯೂ ಯಾರು ಹಿರಿಯರೆಂದು ಹೋರಾಡಿದರು. 1077ರಲ್ಲಿ ನಾಲ್ಕನೆಯ ಹೆನ್ರಿಯು ಕನೋಸ್ಸದ ಕೋಟೆಯ ಬಾಗಿಲಲ್ಲಿ ಹಿಮದೊಳಗೆ ಮೂರು ದಿನ ನಿಂತನು. ಆ ಜಗಳದಿಂದ ಇವೆರಡು ಬೇರೆ ಬೇರೆ ಅಧಿಕಾರಗಳೆಂಬ ತಿಳಿವಳಿಕೆಯು ಉಳಿಯಿತು, ನಿಜ. ಆದರೆ ಬಡ ವಿಶ್ವಾಸಿಯ ಮನಸ್ಸಾಕ್ಷಿಗೆ ಅದರಲ್ಲಿ ಜಾಗವಿರಲಿಲ್ಲ. ಪ್ರೊಟೆಸ್ಟಂಟರೂ ತಟ್ಟನೆ ಬುದ್ಧಿ ಕಲಿಯಲಿಲ್ಲ. 1555ರ ಔಗ್ಸ್‌ಬರ್ಗಿನ ಒಪ್ಪಂದದ ಪ್ರಕಾರ ದೊರೆಯ ಮತವೇ ಪ್ರಜೆಯ ಮತ. ಅದು ಒಪ್ಪದಿದ್ದವನು ಮನೆಮಾರುಗಳನ್ನು ಬಿಟ್ಟು ಬೇರೆ ಸೀಮೆಗೆ ಹೋಗಬೇಕಾಗಿತ್ತು.

ಬೇಲಿಯನ್ನು ಮೊದಲು ಬಯಸಿದವರು ಅರಸರಲ್ಲ, ಪಂಡಿತರೂ ಅಲ್ಲ. ಚಿಕ್ಕ ಚಿಕ್ಕ ಸಭೆಗಳವರು. ಇಂಗ್ಲೆಂಡಿನಲ್ಲಿ ತಾಮಸ್ ಹೆಲ್ವಿಸ್ ಎಂಬ ಬ್ಯಾಪ್ಟಿಸ್ಟನು 1612ರಲ್ಲಿ, ಮನುಷ್ಯರ ಆತ್ಮಗಳ ಮೇಲೆ ಅರಸನಿಗೆ ಅಧಿಕಾರವಿಲ್ಲವೆಂದು ಅಚ್ಚು ಮಾಡಿಸಿದನು. ಕ್ರೈಸ್ತರಿಗೆ ಮಾತ್ರವಲ್ಲ, ತುರ್ಕರಿಗೂ ಯೆಹೂದ್ಯರಿಗೂ ಆ ಸ್ವಾತಂತ್ರ್ಯ ಬೇಕೆಂದು ಬರೆದನು; ಸೆರೆಮನೆಯಲ್ಲಿ ಸತ್ತನು. ಯಾತ್ರಿಕನ ಕಥೆಯನ್ನು ಬರೆದ ಜಾನ್ ಬನ್ಯನನು ಅಪ್ಪಣೆಯಿಲ್ಲದೆ ಪ್ರಸಂಗ ಮಾಡಿದ್ದಕ್ಕಾಗಿ 1660ರಿಂದ ಹನ್ನೆರಡು ವರುಷ ಬೆಡ್‌ಫರ್ಡಿನ ಸೆರೆಯಲ್ಲಿದ್ದನು. ಅವನನ್ನು ಹಿಡಿಸಿದವರು ವಿಗ್ರಹಾರಾಧಕರಲ್ಲ, ಕ್ರೈಸ್ತ ದೊರೆತನದವರು.

ರೋಜರ್ ವಿಲಿಯಮ್ಸನ ಸಂಗತಿಯನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕು. ಹಿಂಸೆಗೆ ತಪ್ಪಿಸಿಕೊಂಡು ಅಮೇರಿಕಕ್ಕೆ ಹೋದ ಪ್ಯೂರಿಟನರು ಮಸಾಚುಸೆಟ್ಸಿನಲ್ಲಿ ತಮ್ಮ ಸಭೆಯನ್ನೇ ದೊರೆತನದ ಸಭೆಯನ್ನಾಗಿ ಮಾಡಿದ್ದರು. 1631ರಲ್ಲಿ ಅಲ್ಲಿಗೆ ಬಂದ ಈ ಬೋಧಕನು, ದಶಾಜ್ಞೆಗಳ ಎರಡನೆಯ ಹಲಗೆಯು, ಅಂದರೆ ಕೊಲೆ, ಕಳವು, ಸುಳ್ಳುಸಾಕ್ಷಿ ಮುಂತಾದವುಗಳ ವಿಷಯವು, ಅಧಿಪತಿಗಳಿಗೆ ಸೇರಿದ್ದು. ದೇವರಾರಾಧನೆಗೆ ಸಂಬಂಧಪಟ್ಟ ಮೊದಲನೆಯ ಹಲಗೆಯನ್ನು ಅವರು ಮುಟ್ಟಕೂಡದು ಎಂದು ಬೋಧಿಸಿದನು. ಮೂಲನಿವಾಸಿಗಳ ಭೂಮಿಯನ್ನು ಇಂಗ್ಲೆಂಡಿನ ಅರಸನು ದಾನ ಮಾಡಲು ಅವನಿಗೇನು ಹಕ್ಕು ಎಂದೂ ಕೇಳಿದನು. 1635ರಲ್ಲಿ ಅವನಿಗೆ ಗಡೀಪಾರಿನ ತೀರ್ಪಾಯಿತು. ಮುಂದಿನ ಜನವರಿಯ ಕಡುಚಳಿಯಲ್ಲಿ ಕಾಡು ಬಿದ್ದವನಿಗೆ ಆಶ್ರಯ ಕೊಟ್ಟವರು ಕ್ರೈಸ್ತರಲ್ಲ, ಆ ಮೂಲನಿವಾಸಿಗಳೇ. 1636ರಲ್ಲಿ ಅವನು ಸ್ಥಾಪಿಸಿದ ಪ್ರಾವಿಡೆನ್ಸ್ ಎಂಬ ಊರಿನಲ್ಲಿ ಯಾರನ್ನೂ ಮತದ ನಿಮಿತ್ತ ದಂಡಿಸುವ ಕಾನೂನಿರಲಿಲ್ಲ. ಅವನನ್ನು ಹೊರಗೆ ಹಾಕಿದ ಬಾಸ್ಟನಿನವರು 1660ರಲ್ಲಿ ಮೇರಿ ಡೈಯರ್ ಎಂಬ ಕ್ವೇಕರ್ ಸ್ತ್ರೀಯನ್ನು ಗಲ್ಲಿಗೇರಿಸಿದರು.

ಸಭೆಯು ತೋಟವೆಂತಲೂ ಲೋಕವು ಅಡವಿಯೆಂತಲೂ ಇವೆರಡರ ನಡುವಣ ಗೋಡೆ ಬಿದ್ದಲ್ಲಿ ತೋಟವೇ ಅಡವಿಯಾಗುವದೆಂತಲೂ ವಿಲಿಯಮ್ಸನು ಬರೆದನು. ತೋಟದ ಬೇಲಿಯ ವಿಷಯವನ್ನು ನಮ್ಮ ಸೀಮೆಯವರಿಗೆ ಯಾರೂ ಕಲಿಸಬೇಕಾದ್ದಿಲ್ಲ. ಎಳೆಯ ತೆಂಗಿನ ಸಸಿಗೆ ದನ ಬಾಯಿ ಹಾಕದಂತೆ ಕತ್ತಾಳೆಯನ್ನೋ ಮುಳ್ಳನ್ನೋ ಹಾಕುವದು ಸಸಿಯ ಮೇಲಿನ ಪ್ರೀತಿಯಿಂದಲೇ. 1802ರಲ್ಲಿ ಅಮೇರಿಕದ ಅಧ್ಯಕ್ಷನಾದ ಜೆಫರ್ಸನನು ಡ್ಯಾನ್‌ಬರಿಯ ಬ್ಯಾಪ್ಟಿಸ್ಟರಿಗೆ ಬರೆದ ಕಾಗದದಲ್ಲಿಯೂ ಇದೇ ಗೋಡೆಯ ಮಾತು ಬರುತ್ತದೆ. ಆದರೆ ಅವನಿಗೆ ಮುಖ್ಯವಾಗಿದ್ದದ್ದು ಬೋಧಕರಿಂದ ರಾಜ್ಯವನ್ನು ಕಾಪಾಡುವದು. ಒಂದೇ ಬೇಲಿ, ಒಬ್ಬನು ತೋಟದ ಒಳಗೆ ನಿಂತು ನೋಡಿದನು, ಇನ್ನೊಬ್ಬನು ಹೊರಗೆ ನಿಂತು.

ನಮ್ಮ ಕನ್ನಡ ನಾಡಿನ ದಾರಿಯು ಬೇರೆಯಾಗಿತ್ತು. ಶ್ರವಣಬೆಳಗೊಳದಲ್ಲಿ 1368ರ ಒಂದು ಶಿಲಾಶಾಸನವಿದೆ. ಜೈನರಿಗೂ ಶ್ರೀವೈಷ್ಣವರಿಗೂ ವಿವಾದ ಹುಟ್ಟಲು, ಆನೆಗೊಂದಿ, ಪೆನುಗೊಂಡೆ ಮುಂತಾದ ಪಟ್ಟಣಗಳ ಜೈನರು ವಿಜಯನಗರದ ಬುಕ್ಕರಾಯನಿಗೆ ದೂರಿಕೊಂಡರು. ಅರಸನು ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿಟ್ಟು, ಈ ಎರಡು ದರ್ಶನಗಳಲ್ಲಿ ಭೇದವಿಲ್ಲವೆಂದು ತೀರ್ಪು ಮಾಡಿದನು. ಜೈನರಿಗೆ ಪಂಚಮಹಾವಾದ್ಯಗಳೂ ಕಲಶವೂ ಹಿಂದಿನಂತೆ ಸಲ್ಲತಕ್ಕದ್ದೆಂದಾಯಿತು. ಅಲ್ಲದೆ ಜೈನರ ಮನೆಯೊಂದಕ್ಕೆ ವರುಷಕ್ಕೆ ಒಂದು ಹಣದಂತೆ ಎತ್ತಿ, ಬೆಳಗೊಳದ ದೇವರ ಕಾವಲಿಗೆ ಇಪ್ಪತ್ತು ಮಂದಿಯನ್ನಿಟ್ಟು, ಮಿಕ್ಕದ್ದರಿಂದ ಬಸದಿಗಳಿಗೆ ಸುಣ್ಣ ಹೊಡಿಸಬೇಕೆಂದು ನೇಮವಾಯಿತು. ಆ ಹಣವನ್ನು ಎತ್ತುವ ಭಾರವು ತಿರುಮಲೆಯ ತಾತಯ್ಯನೆಂಬ ವೈಷ್ಣವನ ಮೇಲೆ ಬಿತ್ತು. ಅಂದಿನ ಯೂರೋಪಿನ ದೊರೆಗಳಲ್ಲಿ ಹೀಗೆ ಮಾಡಿದವನನ್ನು ಹುಡುಕುವದು ಕಷ್ಟ. ಅಶೋಕನೂ ಅನ್ಯಮತಗಳನ್ನು ಹೀಯಾಳಿಸಬಾರದೆಂದು ಕಲ್ಲಿನಲ್ಲಿ ಬರೆಯಿಸಿದನಷ್ಟೆ. ಆ ಶಾಸನದ ಒಂದು ಪ್ರತಿಯು ಕಲಬುರಗಿ ಸೀಮೆಯ ಸನ್ನತಿಯಲ್ಲಿ, ಕಾಳಿಯ ವಿಗ್ರಹಕ್ಕೆ ಪೀಠವಾಗಿದ್ದ ಕಲ್ಲಿನ ಮೇಲೆ, 1980ರ ದಶಕದಲ್ಲಿ ಸಿಕ್ಕಿತು.

ಆದರೆ ಇದು ಸಮದೃಷ್ಟಿಯೇ ಹೊರತು ಬೇಲಿಯಲ್ಲ. ಬಸದಿಯ ಸುಣ್ಣವೂ ಅರಸನ ಅಪ್ಪಣೆಯಿಂದಲೇ ಬರಬೇಕಾಗಿತ್ತು. ಒಳ್ಳೆಯ ಅರಸನಿರುವ ತನಕ ಇದು ಸುಖವೇ. ಕೈ ಹಿಡಿದವನು ಕೈ ಬಿಡಲೂ ಬಲ್ಲನು.

ಮೈಸೂರು ಸೀಮೆಯ ಮುಜರಾಯಿಯೂ ಈ ದಾರಿಯಲ್ಲೇ ಬೆಳೆಯಿತು. ಆ ಹೆಸರು ಪಾರಸಿ ಭಾಷೆಯದು. ಲೆಕ್ಕದಲ್ಲಿ ಕಳೆದುಕೊಟ್ಟ ಮೊಬಲಗು ಎಂದು ಅದರ ಭಾವ. ಅರಳಗುಪ್ಪೆಯ ಕಲ್ಲೇಶ್ವರದಂಥ ಪುರಾತನ ಗುಡಿಗಳಿಂದ ಹಿಡಿದು ನಮ್ಮ ಸೀಮೆಯ ಚಿಕ್ಕ ಗುಡಿಗಳ ವರೆಗೆ ಇನಾಮು ಭೂಮಿ ಬಿಡುವದು ದೊರೆಗಳ ಪದ್ಧತಿಯಾಗಿತ್ತು. 1799ರ ಮೇಲೆ ದಿವಾನ್ ಪೂರ್ಣಯ್ಯನವರ ಆಡಳಿತದಲ್ಲಿ ಅಂಥ ಭೂಮಿಗಳನ್ನು ಬಹುಮಟ್ಟಿಗೆ ಸರಕಾರವು ವಹಿಸಿಕೊಂಡು, ಅದಕ್ಕೆ ಪ್ರತಿಯಾಗಿ ತಸ್ತೀಕೆಂಬ ನಗದನ್ನು ಕೊಡತೊಡಗಿತು. 1831ರಿಂದ 1881ರ ತನಕ ಇಂಗ್ಲಿಷ್ ಕಮಿಶನರರು ಆಳಿದಾಗಲೂ ಇದು ನಿಲ್ಲಲಿಲ್ಲ. 1927ರಲ್ಲಿ ಇದಕ್ಕೆ ಪ್ರತ್ಯೇಕ ಕಾನೂನಾಯಿತು. 1955ರ ಕಾನೂನಿನಿಂದ ಧರ್ಮಾರ್ಥ ಇನಾಮುಗಳು ರದ್ದಾದವು. ಆದದರಿಂದ “ನಮ್ಮ ಕಂದಾಯದ ದುಡ್ಡು ಅವರ ಗುಡಿಗೆ ಹೋಗುತ್ತದೆ” ಎಂದು ಸಭಿಕರು ಗೊಣಗುವದುಂಟಷ್ಟೆ, ಅವರು ಸ್ವಲ್ಪ ತಾಳಬೇಕು. ತಸ್ತೀಕಿನಲ್ಲಿ ಬಹುಭಾಗವು ದಾನವಲ್ಲ. ತೆಗೆದುಕೊಂಡ ಭೂಮಿಯ ಪ್ರತಿಫಲ.

ಕುಂಪಣಿ ಸರಕಾರದವರು ಮದ್ರಾಸಿನಲ್ಲಿ ಇದಕ್ಕಿಂತ ಮುಂದಕ್ಕೆ ಹೋಗಿದ್ದರು. 1817ರ ಏಳನೆಯ ರೆಗ್ಯುಲೇಶನ್ನಿನಿಂದ ದೇವಸ್ಥಾನಗಳ ಮೇಲ್ವಿಚಾರಣೆಯು ರೆವಿನ್ಯೂ ಬೋರ್ಡಿನ ವಶವಾಯಿತು. ತೇರೆಳೆಯಲು ಜನ ಸಾಲದಿದ್ದಾಗ ಸರಕಾರದ ಚಾಕರರು ಬಡ ರೈತರನ್ನು ಬಲಾತ್ಕಾರವಾಗಿ ಹಿಡಿದು ತರುತ್ತಿದ್ದರು. ಉತ್ಸವಗಳಲ್ಲಿ ಸಿಪಾಯಿಗಳ ಪಟಾಲಮು ಮರ್ಯಾದೆ ಸಲ್ಲಿಸಬೇಕಾಗಿತ್ತು. 1833ರಲ್ಲಿ ಇದನ್ನೆಲ್ಲಾ ಬಿಡಬೇಕೆಂದು ಲಂಡನಿನಿಂದ ಅಪ್ಪಣೆ ಬಂದರೂ ಅದು ಕಾಗದದಲ್ಲಿಯೇ ಉಳಿಯಿತು. 1836ರಲ್ಲಿ ಮದ್ರಾಸಿನ ಪಾದ್ರಿಗಳೂ ಅಧಿಕಾರಸ್ಥರೂ ಒಂದು ಅರ್ಜಿಯನ್ನು ಬರೆದು ಬಿಶಪ್ ಕೊರಿಯವರ ಮೂಲಕ ಕಳುಹಿಸಲು, ಅದಕ್ಕೆ ಬಂದ ಉತ್ತರವು ಬೈಗುಳಕ್ಕೆ ಸಮೀಪವಾಗಿತ್ತು. ಕಡೆಗೆ 1838ರಲ್ಲಿ ಮದ್ರಾಸಿನ ಸೇನಾಧಿಪತಿಯಾದ ಸರ್ ಪೆರಿಗ್ರಿನ್ ಮೇಟ್ಲಂಡರು, ವಾಟರ್ಲೂ ಯುದ್ಧದಲ್ಲಿ ಕಾದಿದ ಹಿರಿಯ ದಂಡಾಳು, ಇಂಥ ಅಪ್ಪಣೆಯನ್ನು ನಡಿಸಲಾರೆನೆಂದು ತಮ್ಮ ಹುದ್ದೆಗೆ ರಾಜೀನಾಮೆ ಕೊಟ್ಟರು. ಆಗ ಇಂಗ್ಲೆಂಡಿನಲ್ಲಿ ಗದ್ದಲವೆದ್ದಿತು. ಅದೇ ವರುಷಗಳಲ್ಲಿ ನಮ್ಮ ನೆರೆಯ ಗುಬ್ಬಿಯಲ್ಲಿ ವೆಸ್ಲಿಯನ್ ಮಿಶನ್ನಿನ ಹಾಡ್ಸನ್ ಪಾದ್ರಿಗಳು ಕನ್ನಡದ ಕೆಲಸವನ್ನು ಆರಂಭಿಸುತ್ತಿದ್ದರು. 1840ರಲ್ಲಿ ಯಾತ್ರಿಕರ ತೆರಿಗೆ ಹೋಯಿತು. 1863ರ ಇಪ್ಪತ್ತನೆಯ ಆ್ಯಕ್ಟಿನಿಂದ ಸರಕಾರವು ಗುಡಿಗಳ ಕೀಲಿಯನ್ನು ಧರ್ಮದರ್ಶಿಗಳ ಕೈಗೆ ಕೊಟ್ಟು ಹೊರಗೆ ಬಂತು. ಮೈಸೂರು ಕುಂಪಣಿಯ ಸೀಮೆಯಲ್ಲದ್ದರಿಂದ ಇದು ಇಲ್ಲಿಗೆ ಅನ್ವಯಿಸಲಿಲ್ಲ.

ಮೇಟ್ಲಂಡರ ಧೈರ್ಯವನ್ನು ಹೊಗಳುವವರು ಇನ್ನೆರಡು ಸಂಗತಿಗಳನ್ನು ಮರೆಯುತ್ತಾರೆ. ಮೊದಲನೆಯದು, ಆ ಅರ್ಜಿಯನ್ನು ಕಳುಹಿಸಿದ ಬಿಶಪರಿಗೂ ಅದಕ್ಕೆ ರುಜು ಮಾಡಿದ ಸರಕಾರೀ ಪಾದ್ರಿಗಳಿಗೂ ಸಂಬಳ ಬರುತ್ತಿದ್ದದ್ದು ಇದೇ ದೇಶದ ರೈತರ ಕಂದಾಯದಿಂದ. 1813ರ ಚಾರ್ಟರಿನಿಂದ ಆರಂಭವಾದ ಬಿಶಪರ ಸಂಬಳವು ಬಹುಕಾಲ ನಡೆಯಿತು. ಇಂಡಿಯದ ಆಂಗ್ಲಿಕನ್ ಸಭೆಯು ಇಂಗ್ಲೆಂಡಿನ ಸಭೆಯಿಂದ ಕಾನೂನುಪ್ರಕಾರ ಬೇರೆಯಾದದ್ದು 1930ರಲ್ಲಿ. ತೇರಿನ ಹಗ್ಗವನ್ನು ರೈತನ ಕೈಯಿಂದ ಬಿಡಿಸಬೇಕೆಂದವರು ತಮ್ಮ ಸಂಬಳದ ಹಗ್ಗವನ್ನು ಅವನ ಕೊರಳಿಂದ ಬಿಡಿಸಲಿಲ್ಲ. ಎರಡನೆಯದು, ಕೀಲಿ ಪಡೆದ ಧರ್ಮದರ್ಶಿಗಳಲ್ಲಿ ಅನೇಕರು ದೇವರ ಸೊತ್ತನ್ನು ನುಂಗಿದರೆಂದು ಹಿಂದೂ ಜನರೇ ದೂರತೊಡಗಿ, 1920ರ ದಶಕದಲ್ಲಿ ಮದ್ರಾಸಿನಲ್ಲಿ ಸರಕಾರವು ಪುನಃ ಒಳಗೆ ಬರಬೇಕಾಯಿತು. ಬೇಲಿ ಹಾಕಿದವರು ಒಳಗಿನ ಕಳ್ಳನ ವಿಷಯವನ್ನು ಯೋಚಿಸಿರಲಿಲ್ಲ. ನಮ್ಮ ಸಭೆಗಳ ಭೂಮಿಕಾಣಿ ಲೆಕ್ಕಗಳನ್ನು ಬಲ್ಲವರು ಇದನ್ನು ಓದಿ ನಗಬಾರದು.

1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನವು ಬುಕ್ಕರಾಯನ ಕೈಯನ್ನೂ ವಿಲಿಯಮ್ಸನ ಗೋಡೆಯನ್ನೂ ಒಟ್ಟಿಗೆ ಇಟ್ಟುಕೊಳ್ಳಲು ಯತ್ನಿಸಿದೆ. 25ನೆಯ ಅನುಚ್ಛೇದದಿಂದ ಪ್ರತಿಯೊಬ್ಬನಿಗೂ ಮನಸ್ಸಾಕ್ಷಿಯ ಸ್ವಾತಂತ್ರ್ಯವೂ ತನ್ನ ಮತವನ್ನು ಅನುಸರಿಸಿ ಪ್ರಚುರಪಡಿಸುವ ಹಕ್ಕೂ ಉಂಟು. 27ನೆಯದರಿಂದ, ಯಾವದೊಂದು ಮತದ ಅಭಿವೃದ್ಧಿಗೆಂದು ತೆಗೆದಿಟ್ಟ ತೆರಿಗೆಯನ್ನು ಕೊಡೆಂದು ಯಾರನ್ನೂ ಬಲಾತ್ಕರಿಸಕೂಡದು. ಒಳಗಿನ ಗೆರೆ ಎಲ್ಲಿದೆಯೆಂದು ಮೊದಲು ಕೇಳಿದವರಲ್ಲಿ ನಮ್ಮ ಕನ್ನಡ ಸೀಮೆಯವರೇ ಒಬ್ಬರು: ಉಡುಪಿಯ ಅಷ್ಟಮಠಗಳಲ್ಲೊಂದಾದ ಶಿರೂರು ಮಠದ ಸ್ವಾಮಿಗಳು. ಮದ್ರಾಸು ಸರಕಾರದ ಅಧಿಕಾರಿಗಳು ಮಠದ ಆಡಳಿತದಲ್ಲಿ ಕೈಹಾಕಿದಾಗ ಅವರು ಮೊರೆಹೋಗಲು, 1954ರಲ್ಲಿ ಸುಪ್ರೀಮ್ ಕೋರ್ಟು ತೀರ್ಪು ಕೊಟ್ಟಿತು. ಮತವೆಂದರೆ ನಂಬಿಕೆ ಮಾತ್ರವಲ್ಲ, ಆಚಾರ ವಿಧಿಗಳೂ ಸೇರುತ್ತವೆ. ಅವುಗಳಲ್ಲಿ ಸರಕಾರ ಪ್ರವೇಶಿಸಕೂಡದು. ಆಸ್ತಿಯ ಆಡಳಿತವನ್ನಾದರೋ ಕಾನೂನಿನಂತೆ ವಿಚಾರಿಸಬಹುದು. ಒಬ್ಬ ಮಠಾಧಿಪತಿಗಳು ಗೆದ್ದುಕೊಂಡ ಈ ಮಾತಿನ ನೆರಳಿನಲ್ಲಿಯೇ ಇಂದು ನಮ್ಮ ಸಭೆಯ ಸಂಸ್ಕಾರಗಳೂ ಕ್ಷೇಮವಾಗಿವೆ.

ಆದರೂ ಬೇಲಿಯಲ್ಲಿ ಕಂಡಿಗಳುಂಟು. ಅವುಗಳಲ್ಲಿ ನುಗ್ಗುವ ನೋವು ಹಳ್ಳಿಯ ಸಭಿಕರಿಗೇ ಹೆಚ್ಚು. 1850ರ ಕುಂಪಣಿ ಕಾನೂನಿನಿಂದ ಮತ ಬಿಟ್ಟವನ ಪಿತ್ರಾರ್ಜಿತದ ಹಕ್ಕು ಉಳಿಯಿತು. 1956ರ ಹಿಂದೂ ಉತ್ತರಾಧಿಕಾರ ಕಾನೂನಿನ 26ನೆಯ ಕಲಮಾದರೋ, ಮತಾಂತರದ ಮೇಲೆ ಅವನಿಗೆ ಹುಟ್ಟಿದ ಮಕ್ಕಳು ಹಿಂದೂ ಬಂಧುಗಳ ಆಸ್ತಿಗೆ ಬಾಧ್ಯರಲ್ಲವೆನ್ನುತ್ತದೆ. ಆ ವೇಳೆಗೆ ಅವರು ಹಿಂದೂಗಳಾಗಿದ್ದರೆ ಮಾತ್ರ ಅಡ್ಡಿಯಿಲ್ಲ. ಹೀಗೆ ತಾತನ ತೋಟದ ಪಾಲನ್ನು ಹಂಚುವಾಗ ದೊರೆತನವು ಪ್ರಾರ್ಥನೆಯ ವಿಷಯವನ್ನು ಕೇಳುತ್ತದೆ. 1950ರ ಪರಿಶಿಷ್ಟ ಜಾತಿಗಳ ಆಜ್ಞೆಯು ಇದಕ್ಕಿಂತ ಕಠಿಣ. ಮೊದಲು ಹಿಂದೂಗಳಿಗೆ, 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಸಲ್ಲಿದ ಆ ಸೌಕರ್ಯವು ಕ್ರೈಸ್ತನಾದವನಿಗೆ ಇಲ್ಲ. ಬಾವಿಯ ಬಳಿ ಅವನನ್ನು ದೂರ ನಿಲ್ಲಿಸುವವರು ಅವನ ದೀಕ್ಷಾಸ್ನಾನದ ಪತ್ರವನ್ನು ಕೇಳುವದಿಲ್ಲ. ಕಚೇರಿಯವರು ಮಾತ್ರ ಕೇಳುತ್ತಾರೆ. ಇದು ಅನ್ಯಾಯವೆಂದೇ ನಮ್ಮ ಅಭಿಪ್ರಾಯ. ಈ ಕಾರಣದಿಂದ ಮಕ್ಕಳನ್ನು ಶಾಲೆಯ ದಾಖಲೆಯಲ್ಲಿ ಬೇರೆ ಮತದವರೆಂದು ಬರೆಯಿಸುವ ತಂದೆತಾಯಿಗಳನ್ನು ಪೀಠದ ಮೇಲಿಂದ ಗದರಿಸುವದು ಸುಲಭ. ಆದರೆ ಸುಳ್ಳಿಗೆ ಬೆಲೆ ಕಟ್ಟಿಟ್ಟವರು ಯಾರೆಂಬದನ್ನೂ ಅದೇ ಪೀಠದಿಂದ ಹೇಳಬೇಕು. ಸುಳ್ಳು ಸುಳ್ಳೇ ಸರಿ. ಆದರೆ ಹಸಿದವನ ಸುಳ್ಳನ್ನೂ ಹೊಟ್ಟೆ ತುಂಬಿದವನ ಸುಳ್ಳನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಇನ್ನು ಕೊಡುವ ಕೈಯ ವಿಷಯ. ಈ ವರುಷಗಳಲ್ಲಿ ಸಮುದಾಯ ಭವನಗಳಿಗೂ ದೇವಾಲಯಗಳ ದುರಸ್ತಿಗೂ ರಾಜ್ಯ ಸರಕಾರದಿಂದ ಸಹಾಯಧನವನ್ನು ಕೇಳುವದು ನಮ್ಮಲ್ಲಿ ರೂಢಿಯಾಗಿದೆ. ಗುಡಿಗೂ ಮಸೀದಿಗೂ ಉಂಟು, ನಮಗೆ ಮಾತ್ರ ಯಾಕೆ ಬೇಡವೆಂದು ಹಿರಿಯರು ಕೇಳುತ್ತಾರೆ. ಸಮಾನತೆಯ ದೃಷ್ಟಿಯಿಂದ ಆ ಪ್ರಶ್ನೆ ನ್ಯಾಯವಾದದ್ದೇ. ಶಾಲೆಗೂ ಆಸ್ಪತ್ರೆಗೂ ಭವನಕ್ಕೂ ಸಹಾಯವನ್ನು ಪಡೆದರೆ ಅದರ ಫಲವು ಊರೆಲ್ಲರದೂ ಆಗುವದರಿಂದ ನಮ್ಮ ಆಕ್ಷೇಪವಿಲ್ಲ. ಪ್ರಾರ್ಥನಾಲಯದ ಗೋಡೆಗಾದರೋ ಬೇಡವೆಂದೇ ಹೇಳುವೆವು. ಸಹಾಯ ಕೊಡಿಸಿದವರು ಚುನಾವಣೆಯ ಕಾಲದಲ್ಲಿ ಹಾರ ಹಾಕಿಸಿಕೊಳ್ಳಲು ಪೀಠದ ಬಳಿಗೇ ಬರುತ್ತಾರೆ. ಆಗ ಉಪದೇಶಿಯು ಆಮೋಸನಾಗುವನೋ ಅಮಚ್ಯನಾಗುವನೋ ಎಂಬದು ಗೋಡೆಗೆ ಸುಣ್ಣ ಬಳಿದ ದಿವಸವೇ ತೀರ್ಮಾನವಾಗಿರುತ್ತದೆ. ಮತದ ಹೆಸರಿನಲ್ಲಿ ಓಟು ಕೇಳುವದು 1951ರ ಪ್ರಜಾಪ್ರಾತಿನಿಧ್ಯ ಕಾನೂನಿನಂತೆ ಭ್ರಷ್ಟಾಚಾರವೆಂಬದನ್ನು ನಮ್ಮ ಬೋಧಕರೂ ತಿಳಿದಿರಬೇಕು. 1947ರ ಸೆಪ್ಟೆಂಬರ್ 27ರಂದು ಕೂಡಿಕೊಂಡ ದಕ್ಷಿಣ ಇಂಡಿಯ ಸಭೆಯು, ಆತ್ಮಿಕ ವಿಷಯಗಳಲ್ಲಿ ಯಾವ ಸರಕಾರದ ಕೈಯೂ ತನ್ನ ಮೇಲಿರಬಾರದೆಂದು ತನ್ನ ನಿಬಂಧನೆಯಲ್ಲಿಯೇ ಬರೆದುಕೊಂಡಿದೆ.

ವರಾಡದ ಪಟ್ಟಿಯನ್ನು ಹಿಡಿದು ಬಂದ ಯಜಮಾನರಿಗೆ ಏನು ಹೇಳಬೇಕು? ಅವರು ಸರಕಾರವಲ್ಲ, ಆದದರಿಂದ 27ನೆಯ ಅನುಚ್ಛೇದವನ್ನು ಅವರ ಮುಂದೆ ಓದುವದು ನಿಷ್ಪ್ರಯೋಜಕ. ಹಾಗೆಂದು ಬಲಾತ್ಕಾರದಿಂದ ಎತ್ತುವ ಹಕ್ಕೂ ಅವರಿಗಿಲ್ಲ. ಅವರನ್ನು ಜಗಲಿಯ ಮೇಲೆ ಕೂಡ್ರಿಸಿ, ನೀರು ಬೆಲ್ಲ ಕೊಟ್ಟು, ಪೂಜೆಗೂ ಬಲಿಗೂ ಕೊಡಲಾರೆವೆಂದು ಮರ್ಯಾದೆಯಿಂದ ಹೇಳಬಹುದು. ಅದೇ ಬಾಯಲ್ಲಿ, ಕೆರೆಯ ಏರಿಗೆ, ಬೀದಿಯ ದೀಪಕ್ಕೆ, ಜಾತ್ರೆಗೆ ಬರುವವರ ಕುಡಿಯುವ ನೀರಿಗೆ ಪಟ್ಟಿಯಲ್ಲಿರುವದಕ್ಕಿಂತ ಹೆಚ್ಚಾಗಿ ಬರೆದುಕೊಳ್ಳಿರೆಂದೂ ಹೇಳಬೇಕು. ಹಣವಿಲ್ಲದವರು ಎರಡು ದಿನದ ಕೂಲಿಯನ್ನು ಏರಿಯ ಮೇಲೆ ಕೊಡಬಹುದು.